ಮಕ್ಕಳ ಕೈಗೆ ಮಣ್ಣು ಹತ್ತುವ ತಿಂಗಳುಗಳು

ಜ್ಯೇಷ್ಠ ಮಾಸದ ಅಮಾವಾಸ್ಯೆ ಹತ್ತಿರ ಬಂದಂತೆ ಹುಬ್ಬಳ್ಳಿ, ಧಾರವಾಡಗಳ ಪೇಟೆಯಲ್ಲಿ ಮಣ್ಣಿನ ಜೋಡೆತ್ತುಗಳು ಮಾರಾಟಕ್ಕೆ ಬರುತ್ತವೆ. ಎರಡೂ ಊರುಗಳ ನಡುವೆ, ಪುಣೆ-ಬೆಂಗಳೂರು ರಸ್ತೆಯ ಮಗ್ಗುಲಲ್ಲಿರುವ ಸತ್ತೂರಿನ ಬಡಾವಣೆಗಳಿಗೆ ಅವು ಕೈಚೀಲದಲ್ಲಿ ಕುಳಿತು ಬರುತ್ತವೆ. ದೇವರ ಜಗಲಿಯ ಮೇಲೆ ಪೂಜೆಯಾಗುತ್ತದೆ. ಮಕ್ಕಳು ದೂರ ನಿಂತು ನೋಡುತ್ತಾರೆ. ಮುಟ್ಟಹೋದರೆ ಕೋಡು ಮುರಿದೀತೆಂದು ಗದರಿಸಿಕೊಳ್ಳುತ್ತಾರೆ.

ಹಬ್ಬವೇನೋ ಉಳಿದಿದೆ. ಅದರೊಳಗಿದ್ದ ಮಕ್ಕಳ ಕೆಲಸ ಮಾತ್ರ ಜಾರಿಹೋಗುತ್ತಿದೆ. ಮಕ್ಕಳನ್ನು ನಿಸರ್ಗದ ಹತ್ತಿರ ಒಯ್ಯಬೇಕು, ಅವರ ಆರೋಗ್ಯಕ್ಕೆ ಅದು ಅಗತ್ಯ ಎಂದು ಇಂದು ಜಗತ್ತಿನ ಅನೇಕ ಕಡೆ ವೈದ್ಯರೂ ಶಿಕ್ಷಕರೂ ಹೇಳುತ್ತಿದ್ದಾರೆ. ಉತ್ತರ ಕರ್ನಾಟಕದಲ್ಲಿ ಆ ಕೆಲಸವನ್ನು ಯಾರೂ ಹೇಳದೆಯೇ ಪಂಚಾಂಗ ಮಾಡಿಸುತ್ತಿತ್ತು.

ಐದು ಪೂಜೆ, ಒಂದು ಮಳೆಗಾಲ

ಈ ಭಾಗದ ಹಿರಿಯರು ಮಳೆಗಾಲದಲ್ಲಿ ಐದು ಮಣ್ಣಿನ ಪೂಜೆಗಳನ್ನು ಎಣಿಸುವುದುಂಟು: ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ, ಜೋಕುಮಾರ. ಕಾರಹುಣ್ಣಿಮೆಗೆ ಜೀವಂತ ಎತ್ತುಗಳನ್ನು ಸಿಂಗರಿಸಿ ಓಡಿಸಿದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಕುಂಬಾರರು ಎತ್ತು ಮಾಡಿ ಮನೆಮನೆಗೆ ಕೊಟ್ಟು ಕಾಳು ಪಡೆಯುವ ರೂಢಿ ಹಿಂದಿನಿಂದ ಇದ್ದೇ ಇದೆ. ಆದರೆ ಹುಡುಗರು ಅಷ್ಟಕ್ಕೇ ಸುಮ್ಮನಿರುತ್ತಿರಲಿಲ್ಲ. ಕೆರೆ, ಹಳ್ಳಗಳಿಂದ ಮಣ್ಣು ತಂದು ತಮ್ಮದೇ ಎತ್ತು, ಗೋದಲಿ ಮಾಡುತ್ತಿದ್ದರು. ಕೆಲವು ಊರುಗಳಲ್ಲಿ ಒಬ್ಬ ಹುಡುಗ ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಕುಂಟುವ ಎತ್ತಾಗುತ್ತಾನೆ. ಗುಂಪು ಕೂಡಿ ಮನೆಮನೆಗೆ ಹೋಗಿ ಜೋಳ ಬೇಡುತ್ತದೆ.

ಆಷಾಢದ ಮಂಗಳವಾರಗಳು ಹೆಣ್ಣುಮಕ್ಕಳ ಪಾಲು. ಮಣ್ಣು ತಂದು ಗುಳ್ಳವ್ವನನ್ನು ಮಾಡಿ, ಗುಲಗಂಜಿ, ಜೋಳ, ಕುಸುಬಿಯ ಕಾಳು ಚುಚ್ಚಿ ಸಿಂಗರಿಸುತ್ತಾರೆ. ಮರುದಿನ ಬುತ್ತಿ ಕಟ್ಟಿಕೊಂಡು ಊರ ಹೊರಗೆ ಹೋಗಿ ಉಂಡು, ಆಡಿ, ಅವಳನ್ನು ಕಳಿಸಿ ಬರುತ್ತಾರೆ. ಶ್ರಾವಣದ ಪಂಚಮಿಗೆ ಹುತ್ತದ ಮಣ್ಣಿನ ನಾಗಪ್ಪ ಬರುತ್ತಾನೆ, ಮರಗಳಿಗೆ ಜೋಕಾಲಿ ಬೀಳುತ್ತದೆ. ಭಾದ್ರಪದದಲ್ಲಿ ಗಣಪನ ಬೆನ್ನಿಗೇ ಜೋಕುಮಾರ ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಕುಳಿತು ಓಣಿ ಸುತ್ತುತ್ತಾನೆ.

ಹೀಗೆ ಮುಂಗಾರಿನಿಂದ ಹಿಂಗಾರಿನ ಅಂಚಿನವರೆಗೆ, ಹೆಚ್ಚು ಕಡಿಮೆ ಮೂರು ತಿಂಗಳು, ಮಕ್ಕಳ ಕೈ ಮತ್ತೆ ಮತ್ತೆ ಮಣ್ಣಾಗುತ್ತಿತ್ತು. ಗಮನಿಸಬೇಕಾದ ಸಂಗತಿಯೆಂದರೆ ಇದು ವರ್ಷಕ್ಕೊಮ್ಮೆ ನಡೆಯುವ ಶಾಲಾ ಪ್ರವಾಸವಲ್ಲ. ಬಿತ್ತನೆ, ಎಡೆ ಹೊಡೆಯುವುದು, ಪೈರು ಮೇಲೇಳುವುದು, ಇವುಗಳ ಜೊತೆಗೇ ಸಾಗುವ ರೂಢಿ. ಮಣ್ಣು ತರಲು ಹೋದ ಮಗು ಹಳ್ಳದಲ್ಲಿ ನೀರು ಎಷ್ಟು ಬಂದಿದೆ, ಹೊಲದಲ್ಲಿ ಏನು ಮೊಳೆತಿದೆ ಎಂಬುದನ್ನೂ ನೋಡಿಕೊಂಡು ಬರುತ್ತಿತ್ತು.

ನೆಲದ ಪಾಠವೂ ಅದರಲ್ಲೇ ಇತ್ತು. ಹುಬ್ಬಳ್ಳಿಯಿಂದ ಪೂರ್ವಕ್ಕೆ ಎರೆ ಭೂಮಿ. ಧಾರವಾಡ ದಾಟಿ ಪಶ್ಚಿಮಕ್ಕೆ ಹೋದರೆ ಮಲೆನಾಡ ಸೆರಗಿನ ಕೆಂಪು ನೆಲ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬರೀ ಎರೆ ಮಣ್ಣಿನಲ್ಲಿ ಮಾಡಿದ ಎತ್ತಿನ ಬೆನ್ನು ಸೀಳಿದಾಗ ಆ ಗುಣ ಮಗುವಿಗೆ ತಾನಾಗಿ ತಿಳಿಯುತ್ತಿತ್ತು. ಜರ್ಮನಿಯ ಫ್ರೋಬೆಲ್ 1840ರಲ್ಲಿ ತನ್ನ ಶಿಶುಶಾಲೆಗೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟ. ಅವನ ಪದ್ಧತಿಯಲ್ಲಿ ಜೇಡಿಮಣ್ಣಿನ ಕೆಲಸಕ್ಕೂ ಗಿಡ ಬೆಳೆಸುವುದಕ್ಕೂ ಸ್ಥಾನವಿತ್ತು. ಇಂದು ಅದೇ ಹೆಸರಿನ ತರಗತಿಗಳು ಎಷ್ಟೋ ಕಡೆ ಬೆಂಚು, ಪಾಟಿಚೀಲಗಳಿಗೆ ಸೀಮಿತವಾಗಿವೆ.

ವಿಜ್ಞಾನ ಏನನ್ನುತ್ತದೆ?

ಇದರಿಂದ ಆರೋಗ್ಯಕ್ಕೆ ಲಾಭವೇನು ಎಂಬ ಪ್ರಶ್ನೆಗೆ ಎರಡು ಅಧ್ಯಯನಗಳನ್ನು ನೋಡಬಹುದು. ಮೊದಲನೆಯದು ಕಣ್ಣಿನದು. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ಮೂರು ವರ್ಷ ನಡೆದ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಾಗಿ ಮಕ್ಕಳನ್ನು ಬಯಲಿನಲ್ಲಿ ಬಿಟ್ಟರು. ಆ ಶಾಲೆಗಳಲ್ಲಿ ಶೇ. 30.4ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ದೋಷ ಬಂದರೆ, ಉಳಿದ ಶಾಲೆಗಳಲ್ಲಿ ಅದು ಶೇ. 39.5. ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಹಲವು ಪಟ್ಟು ಪ್ರಖರ. ಅದು ಕಣ್ಣಿನ ಪರದೆಯಲ್ಲಿ ಡೋಪಮೈನ್ ಸ್ರವಿಸುವಂತೆ ಮಾಡಿ ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗುವುದನ್ನು ತಡೆಯುತ್ತದೆ ಎಂಬುದು ತಜ್ಞರ ಊಹೆ.

ಎರಡನೆಯದು ನೇರವಾಗಿ ಮಣ್ಣಿನದು. ಫಿನ್ಲೆಂಡಿನಲ್ಲಿ ಸಂಶೋಧಕರು ಕೆಲವು ಶಿಶುಪಾಲನಾ ಕೇಂದ್ರಗಳ ಅಂಗಳಕ್ಕೆ ಕಾಡಿನ ನೆಲದ ಹೊದಿಕೆಯನ್ನೂ ಹುಲ್ಲನ್ನೂ ತಂದು ಹಾಸಿ, ಮೂರರಿಂದ ಐದು ವರ್ಷದ ಮಕ್ಕಳನ್ನು ಅದರಲ್ಲಿ ಆಡಲು ಬಿಟ್ಟರು. 28 ದಿನಗಳಲ್ಲಿ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು. ರೋಗನಿರೋಧಕ ಶಕ್ತಿಯನ್ನು ಹದದಲ್ಲಿಡುವ ಅಂಶಗಳೂ ರಕ್ತದಲ್ಲಿ ಬದಲಾದವು. 2020ರಲ್ಲಿ ಬಂದ ಈ ವರದಿ ಅಲರ್ಜಿ, ದಮ್ಮು ಇಲ್ಲವಾಗುತ್ತವೆ ಎಂದು ಸಾಬೀತು ಮಾಡಿಲ್ಲ. ಆದರೆ ಮಣ್ಣಿನ ಜೊತೆಗಿನ ಒಡನಾಟ ಮೈಯೊಳಗೂ ಗುರುತು ಮೂಡಿಸುತ್ತದೆ ಎಂಬುದನ್ನು ತೋರಿಸಿತು.

ಹಾಗೆಂದು ಎಲ್ಲ ಮಣ್ಣೂ ಒಳ್ಳೆಯದಲ್ಲ. ಮಲ ಬೆರೆತ ನೆಲದಿಂದಲೇ ಜಂತುಹುಳುಗಳು ಮಕ್ಕಳ ಹೊಟ್ಟೆ ಸೇರುತ್ತವೆ. ಕೊಕ್ಕೆಹುಳು ಬರಿಗಾಲಿನ ಮೂಲಕವೂ ಒಳಹೊಕ್ಕು ರಕ್ತಹೀನತೆ ತರುತ್ತದೆ. ಇದಕ್ಕೆಂದೇ 2015ರಿಂದ ದೇಶದಲ್ಲಿ ಶಾಲೆ, ಅಂಗನವಾಡಿಗಳ ಮೂಲಕ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಚರಂಡಿ ನೀರು ಸೇರದ ಜಾಗದ ಮಣ್ಣು, ಆಟ ಮುಗಿದ ಮೇಲೆ ಸೋಪಿನಿಂದ ಕೈತೊಳೆಯುವುದು, ಧನುರ್ವಾಯು ಲಸಿಕೆ: ಇವಿಷ್ಟು ಇದ್ದರೆ ಮಣ್ಣಿಗೆ ಹೆದರಬೇಕಾಗಿಲ್ಲ.

ಸತ್ತೂರಿನ ಮಗುವಿಗೆ ದಾರಿ ಯಾವುದು?

ತೊಡಕು ಇರುವುದು ಇಲ್ಲಿಯೇ. 1962ರಲ್ಲಿ ಹುಬ್ಬಳ್ಳಿ, ಧಾರವಾಡಗಳು ಒಂದೇ ಮಹಾನಗರಪಾಲಿಕೆಯಾದ ನಂತರ ನಡುವಿನ ಹಳ್ಳಿಗಳು ನಿಧಾನವಾಗಿ ನಗರವಾಗುತ್ತ ಬಂದವು. ಸತ್ತೂರಿನಲ್ಲಿ ಇಂದು ವೈದ್ಯಕೀಯ ಕಾಲೇಜಿದೆ, ದೊಡ್ಡ ಆಸ್ಪತ್ರೆಯಿದೆ, ಬಡಾವಣೆಗಳಿವೆ, ಹೆದ್ದಾರಿಯಲ್ಲಿ ‘ಚಿಗರಿ’ ಬಸ್ಸುಗಳು ಓಡುತ್ತವೆ. ಇವೆಲ್ಲ ಬೇಕಾದವುಗಳೇ. ಆದರೆ ಆ ಭರಾಟೆಯ ರಸ್ತೆ ದಾಟಿ ಮಣ್ಣು ತಾ ಎಂದು ಯಾವ ತಾಯಿಯೂ ಮಗುವನ್ನು ಒಬ್ಬಂಟಿಯಾಗಿ ಕಳಿಸಲಾರಳು. ಆದ್ದರಿಂದ ಮಕ್ಕಳು ಮೊಬೈಲ್ ಹಿಡಿದು ಕುಳಿತಿದ್ದಾರೆಂದು ಅವರನ್ನೇ ಬಯ್ದರೆ ಅದು ಅರ್ಧ ಸತ್ಯ ಮಾತ್ರ. ಹೋಗುವ ದಾರಿಯನ್ನು ಮುಚ್ಚಿದವರು ದೊಡ್ಡವರು.

ಮಗು ಹಳ್ಳಕ್ಕೆ ಹೋಗಲಾಗದಿದ್ದರೆ ಹಳ್ಳದ ಮಣ್ಣು ಓಣಿಗೆ ಬರಬಹುದು. ಅಮಾವಾಸ್ಯೆಗೆ ಮೊದಲು ಒಂದು ಬುಟ್ಟಿ ಒಳ್ಳೆಯ ಮಣ್ಣು ಶಾಲೆಯ ಅಂಗಳಕ್ಕೋ ಬಡಾವಣೆಯ ಉದ್ಯಾನಕ್ಕೋ ತರಿಸುವುದು ದುಬಾರಿಯ ಮಾತಲ್ಲ. ಕುಂಬಾರರೊಬ್ಬರನ್ನು ಕರೆಸಿ ಹದ ಹೇಳಿಸಿದರೆ ಅವರ ಕಸುಬಿಗೂ ಮರ್ಯಾದೆ. ಪೂಜೆ ಮಾಡದ ಮನೆಯ ಮಕ್ಕಳೂ ಎತ್ತು ಮಾಡಬಹುದು. ಮಣ್ಣಿಗೆ ಜಾತಿ, ಧರ್ಮಗಳಿಲ್ಲ. ಉದ್ಯಾನದ ಎಲ್ಲ ನೆಲಕ್ಕೂ ಫರಸಿ ಹಾಕದೆ ಒಂದು ಮೂಲೆಯನ್ನು ಹಾಗೇ ಬಿಡುವಂತೆ ನಿವಾಸಿಗಳು ಪಾಲಿಕೆಯನ್ನು ಕೇಳಬಹುದು.

ಮಗು ಮಾಡಿದ ಎತ್ತಿನ ಕೋಡು ಸೊಟ್ಟಗಿದ್ದೀತು, ಬೆನ್ನು ಬಿರಿದೀತು. ಪೇಟೆಯಿಂದ ತಂದ ಜೋಡಿಯ ಪಕ್ಕದಲ್ಲಿ ಅದನ್ನೂ ಜಗಲಿಯ ಮೇಲಿಟ್ಟು ಒಂದು ಹೂವು ಏರಿಸಿದರೆ, ಮುಂದಿನ ವರ್ಷ ಅಮಾವಾಸ್ಯೆ ಯಾವಾಗ ಎಂದು ಮಗುವೇ ಕೇಳುತ್ತದೆ.