ಮನೆಯ ಮೇಲೆ ಸೋಲಾರ್: ಖರ್ಚೆಷ್ಟು, ಉಳಿತಾಯ ಎಲ್ಲಿ?



ಬೇ ಏರಿಯಾದಲ್ಲಿ ನಾಲ್ಕು ಕನ್ನಡದ ಮನೆಯವರು ಸೇರಿದರೆ ಮಾತು ಮಕ್ಕಳ ಓದಿನಿಂದ ಶುರುವಾಗಿ, ಊರಿಗೆ ಹೋಗುವ ಟಿಕೆಟ್ ದರಕ್ಕೆ ಬಂದು, ಕೊನೆಗೆ ಕರೆಂಟ್ ಬಿಲ್ಲಿಗೆ ಬಂದು ನಿಲ್ಲುತ್ತದೆ. ಆಗ ಯಾರಾದರೊಬ್ಬರು, "ನಮ್ಮ ಪಕ್ಕದ ಮನೆಯವರು ಸೋಲಾರ್ ಹಾಕಿಸಿದ್ದಾರೆ, ಬಿಲ್ಲೇ ಬರುವುದಿಲ್ಲವಂತೆ" ಎನ್ನುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಪಕ್ಕದ ಮನೆಯವರು ಐದಾರು ವರ್ಷದ ಹಿಂದೆ ಹಾಕಿಸಿದ್ದರೆ, ಅವರ ಲೆಕ್ಕ ಇವತ್ತು ನಿಮಗೆ ಅನ್ವಯಿಸುವುದಿಲ್ಲ. ಈ ಒಂದು ವಿಷಯ ತಿಳಿಯದೆ ಸಹಿ ಹಾಕಿದರೆ ಇಪ್ಪತ್ತು ವರ್ಷ ಕಂತು ಕಟ್ಟುವ ಹೊರೆ ಹೆಗಲಿಗೇರಬಹುದು. ತಿಳಿದು ಹಾಕಿಸಿದರೆ ಸೋಲಾರ್ ಈಗಲೂ ಲಾಭದ ವ್ಯವಹಾರವೇ.

ಏನೇನು ಬದಲಾಗಿದೆ?

ಮೊದಲನೆಯದು, ತೆರಿಗೆ ರಿಯಾಯಿತಿ. ಸ್ವಂತ ಹಣದಿಂದ ಸೋಲಾರ್ ಹಾಕಿಸಿದವರಿಗೆ ಖರ್ಚಿನ ಶೇ. 30ರಷ್ಟನ್ನು ಫೆಡರಲ್ ತೆರಿಗೆಯಲ್ಲಿ ಕಳೆಯಲು ಅವಕಾಶವಿತ್ತು. ಜುಲೈ 4, 2025ರಂದು ಸಹಿಯಾದ ಹೊಸ ಕಾನೂನು ಇದನ್ನು ಡಿಸೆಂಬರ್ 31, 2025ಕ್ಕೆ ಮುಗಿಸಿತು. ಈಗ ನಿಮ್ಮ ಬಾಗಿಲಿಗೆ ಬಂದ ಸೇಲ್ಸ್‌ನವರು "ಶೇ. 30 ವಾಪಸ್ ಬರುತ್ತದೆ" ಎಂದರೆ ಹುಷಾರಾಗಿ.

ಎರಡನೆಯದು, ಮಾರುವ ಕರೆಂಟಿನ ಬೆಲೆ. ಹಿಂದೆ ನೀವು ಹಗಲು ಗ್ರಿಡ್‌ಗೆ ಕೊಟ್ಟ ಒಂದು ಯುನಿಟ್‌ಗೆ ರಾತ್ರಿ ನೀವು ಕೊಳ್ಳುವ ಯುನಿಟ್‌ನಷ್ಟೇ, ಹೆಚ್ಚುಕಡಿಮೆ, ಬೆಲೆ ಸಿಗುತ್ತಿತ್ತು. ಇದೇ ನೆಟ್ ಮೀಟರಿಂಗ್. ಕ್ಯಾಲಿಫೋರ್ನಿಯಾದ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ ಡಿಸೆಂಬರ್ 2022ರಲ್ಲಿ ಇದನ್ನು ಬದಲಿಸಿತು. ಏಪ್ರಿಲ್ 15, 2023ರಿಂದ ಅರ್ಜಿ ಹಾಕಿದವರಿಗೆ 'ನೆಟ್ ಬಿಲ್ಲಿಂಗ್' ಎಂಬ ಹೊಸ ಪದ್ಧತಿ. ಇದರಲ್ಲಿ ಗ್ರಿಡ್‌ಗೆ ಕೊಟ್ಟ ಕರೆಂಟಿಗೆ ಸಿಗುವ ಬೆಲೆ ಸರಾಸರಿ ಶೇ. 75ರಷ್ಟು ಇಳಿದಿದೆ.

ಮೂರನೆಯದು, ನಿಗದಿತ ಶುಲ್ಕ. ಬಳಕೆ ಸೊನ್ನೆಯಾದರೂ ಕಟ್ಟಬೇಕಾದ ತಿಂಗಳ ಶುಲ್ಕವನ್ನು ಅದೇ ಕಮಿಷನ್ ಮೇ 2024ರಲ್ಲಿ 24.15 ಡಾಲರ್ ಎಂದು ನಿಗದಿ ಮಾಡಿತು (ಕಡಿಮೆ ಆದಾಯದವರಿಗೆ ಇನ್ನೂ ಕಡಿಮೆ). ಹಾಗಾಗಿ "ಬಿಲ್ಲೇ ಬರುವುದಿಲ್ಲ" ಎಂಬ ಮಾತನ್ನು ಇನ್ನು ಮರೆಯಬೇಕು.

ಒಂದು ಚಿಕ್ಕ ಲೆಕ್ಕ

ಬನ್ನಿ, ಪೆನ್ನು ಹಿಡಿದು ಕೂರೋಣ. ಬರ್ಕ್ಲಿಯ ಒಂದು ಮನೆಗೆ 4 ಕಿಲೋವ್ಯಾಟ್ ಸೋಲಾರ್ ಎಂದುಕೊಳ್ಳೋಣ. ಇಲ್ಲಿ ಒಂದು ವ್ಯಾಟ್‌ಗೆ ಸುಮಾರು 3 ಡಾಲರ್ ಹಿಡಿದರೆ ಒಟ್ಟು 12,000 ಡಾಲರ್. ಬೆಳಗಿನ ಮಂಜನ್ನೂ ಸೇರಿಸಿ ಲೆಕ್ಕ ಹಾಕಿದರೂ ಒಂದು ಕಿಲೋವ್ಯಾಟ್‌ನಿಂದ ವರ್ಷಕ್ಕೆ ಸುಮಾರು 1,450 ಯುನಿಟ್ ಬರುತ್ತದೆ. ನಾಲ್ಕಕ್ಕೆ 5,800 ಯುನಿಟ್. ನೀವು ಕೊಳ್ಳುವ ಕರೆಂಟ್ ಯುನಿಟ್‌ಗೆ 35 ಸೆಂಟ್, ಮಾರುವ ಕರೆಂಟ್ 6 ಸೆಂಟ್ ಎಂದು ಇಟ್ಟುಕೊಳ್ಳೋಣ. ನಿಮ್ಮ ಬಿಲ್ಲಿನಲ್ಲಿ ಈ ಅಂಕಿ ಸ್ವಲ್ಪ ಆಚೀಚೆ ಇರಬಹುದು.

ಪಕ್ಕದ ಮನೆಯವರ ಹಳೆಯ ಲೆಕ್ಕ: ಅಷ್ಟೂ 5,800 ಯುನಿಟ್‌ಗೆ 35 ಸೆಂಟ್, ವರ್ಷಕ್ಕೆ 2,030 ಡಾಲರ್. ತೆರಿಗೆ ರಿಯಾಯಿತಿ ಕಳೆದು ಖರ್ಚು 8,400. ನಾಲ್ಕು ವರ್ಷದಲ್ಲಿ ಹಾಕಿದ ಹಣ ವಾಪಸ್.

ನಿಮ್ಮ ಇವತ್ತಿನ ಲೆಕ್ಕ: ಎಲ್ಲರೂ ಹಗಲು ಹೊರಗೆ ಹೋಗುವ ಮನೆಯಲ್ಲಿ ಶೇ. 40 ಮಾತ್ರ ನೇರವಾಗಿ ಬಳಕೆಯಾಗುತ್ತದೆ ಎನ್ನೋಣ. ಅದರಿಂದ 812 ಡಾಲರ್, ಮಾರಿದ್ದರಿಂದ 209 ಡಾಲರ್. ಒಟ್ಟು 1,021. ಹಣ ವಾಪಸ್ ಬರಲು ಹನ್ನೆರಡು ವರ್ಷ.

ಈಗ ಅದೇ ಮನೆಯವರು ಬಟ್ಟೆ ಒಗೆಯುವುದನ್ನು, ಕಾರ್ ಚಾರ್ಜ್ ಮಾಡುವುದನ್ನು ಹಗಲಿಗೆ ತಂದು ಶೇ. 60 ತಾವೇ ಬಳಸಿದರೆ? 1,218 ಮತ್ತು 139, ಒಟ್ಟು 1,357 ಡಾಲರ್. ಒಂಬತ್ತು ವರ್ಷಕ್ಕೆ ಹಣ ವಾಪಸ್. ಒಂದು ಪ್ಯಾನೆಲ್ ಕೂಡ ಬದಲಿಸದೆ ಮೂರು ವರ್ಷ ಉಳಿಯಿತು.

ಈ ಲೇಖನ ಹೇಳಬೇಕಾದ ಮುಖ್ಯ ಮಾತು ಇಷ್ಟೇ: ಮೊದಲು "ಎಷ್ಟು ಕರೆಂಟ್ ಹುಟ್ಟುತ್ತದೆ" ಎಂಬುದೇ ಪ್ರಶ್ನೆಯಾಗಿತ್ತು. ಈಗ "ಹುಟ್ಟಿದ ಹೊತ್ತಿನಲ್ಲೇ ಎಷ್ಟು ಬಳಸುತ್ತೀರಿ" ಎಂಬುದೇ ಪ್ರಶ್ನೆ.

"ಊರಲ್ಲಿ ಇಷ್ಟು ಆಗುವುದಿಲ್ಲವಲ್ಲ?"

ಊರಿನಿಂದ ಬಂದ ಅಜ್ಜ ಈ ಬೆಲೆ ಕೇಳಿದರೆ ಹೌಹಾರುತ್ತಾರೆ. ಅವರು ಹೇಳುವುದೂ ಸರಿ. ಕರ್ನಾಟಕದಲ್ಲಿ 3 ಕಿಲೋವ್ಯಾಟ್ ಸೋಲಾರ್ ಸುಮಾರು ಒಂದೂವರೆಯಿಂದ ಎರಡು ಲಕ್ಷ ರೂಪಾಯಿಯಲ್ಲಿ ಮುಗಿಯುತ್ತದೆ. ಅದರಲ್ಲೂ ಫೆಬ್ರವರಿ 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿ ಸಹಾಯಧನ ಸಿಗುತ್ತದೆ.

ಇಲ್ಲಿ ಬೆಲೆ ಇಷ್ಟೇಕೆ? ಬಿಸಿಲೇನೂ ಬೇರೆಯಲ್ಲ. ಅಮೆರಿಕದಲ್ಲಿ ಒಟ್ಟು ಖರ್ಚಿನಲ್ಲಿ ಪ್ಯಾನೆಲ್ಲಿನ ಪಾಲು ಚಿಕ್ಕದು. ಹೆಚ್ಚಿನ ಹಣ ಹೋಗುವುದು ಕೂಲಿ, ಪರ್ಮಿಟ್, ಜಾಹೀರಾತು, ಸೇಲ್ಸ್ ಕಮಿಷನ್ ಮತ್ತು ಕಂಪನಿಯ ಲಾಭಕ್ಕೆ. ನಮ್ಮ ಬರ್ಕ್ಲಿ ಬೆಟ್ಟದ ಮೇಲಿರುವ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ 'ಟ್ರ್ಯಾಕಿಂಗ್ ದ ಸನ್' ಎಂಬ ವರದಿಗಳಲ್ಲಿ ದೇಶದ ಸೋಲಾರ್ ಬೆಲೆಗಳನ್ನು ಪಟ್ಟಿ ಮಾಡುತ್ತಾ ಬಂದಿದೆ. ಒಂದೇ ಗಾತ್ರದ ಸೋಲಾರ್‌ಗೆ ಒಬ್ಬೊಬ್ಬರು ಕೊಟ್ಟ ಬೆಲೆಯಲ್ಲಿ ದೊಡ್ಡ ಅಂತರ ಇರುವುದು ಅದರಲ್ಲಿ ಎದ್ದು ಕಾಣುತ್ತದೆ. ಅಂದರೆ ಚೌಕಾಸಿಗೆ ಇಲ್ಲೂ ಜಾಗ ಇದೆ.

ಉಳಿಸುವ ದಾರಿಗಳು

1. ಮೊದಲು ಬಿಲ್ ಓದಿ. ಪಿಜಿ ಅಂಡ್ ಇ ಕಂಪನಿಯ ನಿಮ್ಮ ಖಾತೆಯಲ್ಲಿ ಗಂಟೆಗಂಟೆಯ ಬಳಕೆಯ ನಕ್ಷೆ ಸಿಗುತ್ತದೆ. ಸಂಜೆ 4ರಿಂದ 9 ದುಬಾರಿ ಹೊತ್ತು. ನಿಮ್ಮ ಬಳಕೆ ಅಲ್ಲೇ ಗುಡ್ಡೆ ಬಿದ್ದಿದೆಯೇ ನೋಡಿ.

2. ದೊಡ್ಡ ಬಳಕೆಯನ್ನು ಹಗಲಿಗೆ ತನ್ನಿ. ದೋಸೆ ಹಿಟ್ಟಿನ ಗ್ರೈಂಡರ್ ಅರ್ಧ ಗಂಟೆ ತಿರುಗಿದರೂ ಒಂದು ಯುನಿಟ್‌ನ ಹತ್ತನೇ ಒಂದು ಭಾಗ. ಅದರ ಚಿಂತೆ ಬೇಡ. ಕರೆಂಟಿನ ಡ್ರೈಯರ್ ಒಂದು ಸಲಕ್ಕೆ ಸುಮಾರು 3 ಯುನಿಟ್, ಕಾರು 40 ಮೈಲಿಗೆ ಸುಮಾರು 12 ಯುನಿಟ್ ತಿನ್ನುತ್ತವೆ. ಇವು ಮಧ್ಯಾಹ್ನ ನಡೆಯಬೇಕು. ಅಜ್ಜ-ಅಜ್ಜಿ ಮನೆಯಲ್ಲಿದ್ದರೆ ಅಥವಾ ನೀವು ಮನೆಯಿಂದಲೇ ಕೆಲಸ ಮಾಡುವವರಾದರೆ ಇದು ಸುಲಭ. ಇಲ್ಲದಿದ್ದರೆ ಟೈಮರ್ ಇದ್ದೇ ಇದೆ.

3. ಬೇಕಾದಷ್ಟೇ ಹಾಕಿಸಿ. ಹೆಚ್ಚುವರಿ ಪ್ಯಾನೆಲ್ಲಿನ ಕರೆಂಟ್ ಹೆಚ್ಚಾಗಿ 6 ಸೆಂಟ್‌ಗೇ ಹೋಗುತ್ತದೆ. ಮುಂದೆ ಎಲೆಕ್ಟ್ರಿಕ್ ಕಾರು ಅಥವಾ ಹೀಟ್ ಪಂಪ್ ಖಂಡಿತ ಬರುತ್ತದೆ ಎಂದಿದ್ದರೆ ಮಾತ್ರ ಅದಕ್ಕೂ ಸೇರಿಸಿ ಲೆಕ್ಕ ಹಾಕಿ. ಫೆಡರಲ್ ಸರ್ಕಾರದ ಉಚಿತ 'ಪಿವಿವ್ಯಾಟ್ಸ್' ಲೆಕ್ಕಯಂತ್ರದಲ್ಲಿ ವಿಳಾಸ ಕೊಟ್ಟು ನಿಮ್ಮ ಛಾವಣಿಯ ಅಂದಾಜು ನೀವೇ ತೆಗೆಯಬಹುದು.

4. ಛಾವಣಿ ಮತ್ತು ಮೀಟರ್ ಪೆಟ್ಟಿಗೆ ನೋಡಿ. ಬರ್ಕ್ಲಿಯಲ್ಲಿ ನೂರು ವರ್ಷದ ಮನೆಗಳು ಬಹಳ. ಛಾವಣಿ ಇನ್ನು ಐದಾರು ವರ್ಷವಷ್ಟೇ ಬಾಳುವಂತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಆಮೇಲೆ ಪ್ಯಾನೆಲ್ ಇಳಿಸಿ ಮತ್ತೆ ಏರಿಸಲು ಸಾವಿರಾರು ಡಾಲರ್ ಬೇಕು. ಹಳೆಯ 100 ಆಂಪ್ ಪೆಟ್ಟಿಗೆ ಬದಲಿಸಲೇಬೇಕೇ ಎಂದು ಇಬ್ಬರನ್ನು ಕೇಳಿ. ಕೆಲವೊಮ್ಮೆ ಬದಲಿಸದೆಯೂ ದಾರಿ ಇರುತ್ತದೆ.

5. ಕನಿಷ್ಠ ಮೂರು ಕೊಟೇಶನ್ ತರಿಸಿ. ಒಟ್ಟು ಬೆಲೆಯನ್ನು ವ್ಯಾಟ್‌ಗಳಿಂದ ಭಾಗಿಸಿ, ಒಂದು ವ್ಯಾಟ್‌ಗೆ ಎಷ್ಟು ಎಂದು ಹೋಲಿಸಿ. ಹತ್ತಿರದ ಮೂರ್ನಾಲ್ಕು ಮನೆಯವರು ಒಟ್ಟಿಗೆ ಕೇಳಿದರೆ ದರ ಇಳಿಯುವುದುಂಟು.

6. ಮನೆ ಕೊಂಡಾಗಲೇ ಸೋಲಾರ್ ಇತ್ತೇ? ಅದು ಹಳೆಯ ನೆಟ್ ಮೀಟರಿಂಗ್‌ನಲ್ಲಿದ್ದರೆ, ಶುರುವಾದ ದಿನದಿಂದ 20 ವರ್ಷ ಅದೇ ದರ ನಡೆಯುತ್ತದೆ. ಶೇ. 10 ಅಥವಾ 1 ಕಿಲೋವ್ಯಾಟ್, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಮೀರಿ ಪ್ಯಾನೆಲ್ ಸೇರಿಸಿದರೆ ಹಳೆಯ ದರ ಕಳೆದುಕೊಳ್ಳುತ್ತೀರಿ. ಬ್ಯಾಟರಿ ಸೇರಿಸಲು ಅಡ್ಡಿಯಿಲ್ಲ.

7. ಆದಾಯ ಕಡಿಮೆಯಿದ್ದರೆ ಓಕ್‌ಲೆಂಡ್‌ನ 'ಗ್ರಿಡ್ ಆಲ್ಟರ್ನೇಟಿವ್ಸ್' ಎಂಬ ಲಾಭರಹಿತ ಸಂಸ್ಥೆಯನ್ನು ವಿಚಾರಿಸಿ. ಅರ್ಹ ಕುಟುಂಬಗಳಿಗೆ ಅವರು ಉಚಿತವಾಗಿ ಅಥವಾ ಬಹಳ ಕಡಿಮೆ ಖರ್ಚಿನಲ್ಲಿ ಸೋಲಾರ್ ಹಾಕಿಕೊಡುತ್ತಾರೆ.

ಬ್ಯಾಟರಿ ಬೇಕೇ?

ಹಗಲಿನ ಕರೆಂಟನ್ನು ಸಂಜೆಗೆ ಉಳಿಸುವುದು ಬ್ಯಾಟರಿಯ ಕೆಲಸ. ಟೆಸ್ಲಾದ ಪವರ್‌ವಾಲ್ 3 ಎಂಬುದರಲ್ಲಿ 13.5 ಯುನಿಟ್ ಹಿಡಿಯುತ್ತದೆ. ದಿನಕ್ಕೆ 10 ಯುನಿಟ್‌ನಂತೆ, ಯುನಿಟ್‌ಗೆ 30 ಸೆಂಟ್ ಉಳಿದರೂ ವರ್ಷಕ್ಕೆ ಸುಮಾರು 1,000 ಡಾಲರ್. ಇಂಥ ಬ್ಯಾಟರಿ ಹಾಕಿಸಲು ಹತ್ತು ಸಾವಿರ ಡಾಲರ್ ಮೀರುತ್ತದೆ, ಗ್ಯಾರಂಟಿ ಸಾಮಾನ್ಯವಾಗಿ ಹತ್ತು ವರ್ಷ. ಹಾಗಾಗಿ ಬರೀ ಉಳಿತಾಯ ನೋಡಿದರೆ ಲೆಕ್ಕ ಬಿಗಿ.

ಆದರೆ ಇನ್ನೊಂದು ಮಾತಿದೆ. ಗ್ರಿಡ್‌ನಲ್ಲಿ ಕರೆಂಟ್ ಹೋದರೆ ಬ್ಯಾಟರಿ ಇಲ್ಲದ ಸೋಲಾರ್ ಕೂಡ ತಾನಾಗಿ ನಿಂತುಬಿಡುತ್ತದೆ. ಅಕ್ಟೋಬರ್ 2019ರಲ್ಲಿ ಕಾಳ್ಗಿಚ್ಚಿನ ಭಯದಿಂದ ಬರ್ಕ್ಲಿ ಬೆಟ್ಟದ ಮನೆಗಳಿಗೆ ಕರೆಂಟ್ ತೆಗೆದಿದ್ದು ಅನೇಕರಿಗೆ ನೆನಪಿರಬಹುದು. ಮನೆಯಲ್ಲಿ ಹಿರಿಯರಿದ್ದರೆ, ಉಸಿರಾಟದ ಯಂತ್ರ ಅಥವಾ ಫ್ರಿಜ್‌ನಲ್ಲಿ ಇನ್ಸುಲಿನ್ ಇದ್ದರೆ, ಬ್ಯಾಟರಿಯ ಬೆಲೆಯನ್ನು ಡಾಲರಿನಲ್ಲಿ ಮಾತ್ರ ಅಳೆಯಲಾಗದು.

ಸಾಲವೋ, ಲೀಸೋ, ನಗದೋ?

ಸೋಲಾರ್‌ನ ಕಷ್ಟ ಬೆಲೆಗಿಂತ ಹೆಚ್ಚಾಗಿ, ಅಷ್ಟೂ ಹಣ ಮೊದಲೇ ಬೇಕು ಎಂಬುದು. ಇದನ್ನು ಬೇಗ ಅರ್ಥಮಾಡಿಕೊಂಡ ಇಬ್ಬರಲ್ಲಿ ಒಬ್ಬರು ನಮ್ಮವರು, ಇನ್ನೊಂದು ನಮ್ಮ ಊರು. 1995ರಲ್ಲಿ ಸೆಲ್ಕೋ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆ, ಕರ್ನಾಟಕದ ಹಳ್ಳಿಯ ಮನೆಗಳಿಗೆ ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ, ಆದಾಯಕ್ಕೆ ಹೊಂದುವ ಕಂತಿನಲ್ಲಿ ಸೋಲಾರ್ ದೀಪ ತಲುಪಿಸಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬರ್ಕ್ಲಿ ನಗರಸಭೆ 2008ರಲ್ಲಿ 'ಬರ್ಕ್ಲಿ ಫಸ್ಟ್' ಎಂಬ ಪ್ರಯೋಗ ನಡೆಸಿತು: ಸೋಲಾರ್ ಖರ್ಚನ್ನು ನಗರವೇ ಕೊಟ್ಟು, ಮನೆಯ ಆಸ್ತಿ ತೆರಿಗೆಯ ಜೊತೆ 20 ವರ್ಷದಲ್ಲಿ ವಸೂಲು ಮಾಡುವುದು. ದೇಶದಲ್ಲೇ ಹೊಸತಾದ ಈ ಮಾದರಿ ಬೇರೆ ಊರುಗಳಿಗೂ ಹಬ್ಬಿತು. ಆದರೆ ಮನೆಸಾಲಕ್ಕಿಂತ ಮೊದಲು ಈ ಬಾಕಿ ತೀರಬೇಕಾಗುತ್ತದೆ ಎಂದು 2010ರಲ್ಲಿ ಫೆಡರಲ್ ಗೃಹಸಾಲ ನಿಯಂತ್ರಕರು ಆಕ್ಷೇಪ ಎತ್ತಿದ ಮೇಲೆ ಅದರ ವೇಗ ತಗ್ಗಿತು.

ಕಂತು ಒಳ್ಳೆಯದೇ, ಆದರೆ ಯಾರ ಕಂತು ಎಂದು ನೋಡಬೇಕು. "ಬಡ್ಡಿ ಬಹಳ ಕಡಿಮೆ" ಎನ್ನುವ ಸೋಲಾರ್ ಸಾಲಗಳಲ್ಲಿ 'ಡೀಲರ್ ಫೀ' ಅಡಗಿರುತ್ತದೆ. ಅದರಿಂದ ಸಾಲದ ಮೊತ್ತ ನಗದು ಬೆಲೆಗಿಂತ ಶೇ. 30ಕ್ಕೂ ಹೆಚ್ಚಾಗುವುದುಂಟು ಎಂದು ಫೆಡರಲ್ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2024ರಲ್ಲಿ ಎಚ್ಚರಿಸಿತ್ತು. ನಗದು ಬೆಲೆ ಮತ್ತು ಸಾಲದ ಬೆಲೆ ಎರಡನ್ನೂ ಬರೆದುಕೊಡಲು ಹೇಳಿ.

ಲೀಸ್ ಕಂಪನಿಗಳಿಗೆ ಬೇರೆ ಕಲಮಿನ ಅಡಿಯಲ್ಲಿ ತೆರಿಗೆ ಲಾಭ ಇನ್ನೂ ಸ್ವಲ್ಪ ಕಾಲ ಸಿಗುವುದರಿಂದ, "ಒಂದು ಡಾಲರೂ ಕೊಡಬೇಡಿ" ಎನ್ನುವವರು ಈಗ ಹೆಚ್ಚಾಗಿದ್ದಾರೆ. ಆ ಲಾಭದಲ್ಲಿ ನಿಮ್ಮ ಪಾಲೆಷ್ಟು? ಕಂತು ಪ್ರತಿವರ್ಷ ಶೇಕಡಾ ಎಷ್ಟು ಏರುತ್ತದೆ? ಮನೆ ಮಾರಿದರೆ ಕರಾರು ಯಾರ ಹೆಗಲಿಗೆ? ಈ ಮೂರು ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಸಿಗದಿದ್ದರೆ ಬಾಗಿಲಲ್ಲೇ ನಮಸ್ಕಾರ ಹೇಳಿ ಕಳಿಸಿ.

ಸಹಿ ಹಾಕುವ ಮುಂಚೆ

ರಾಜ್ಯದ ಗುತ್ತಿಗೆದಾರರ ಲೈಸೆನ್ಸ್ ಮಂಡಳಿಯ ಜಾಲತಾಣದಲ್ಲಿ ಕಂಪನಿಯ ಲೈಸೆನ್ಸ್ ಇದೆಯೇ, ದೂರುಗಳಿವೆಯೇ ನೋಡಿ. ಸೋಲಾರ್‌ಗೆ ಸಿ-46 ಅಥವಾ ವಿದ್ಯುತ್ ಕೆಲಸದ ಸಿ-10 ಲೈಸೆನ್ಸ್ ಸಾಮಾನ್ಯ. ಮುಂಗಡ ಸಾಮಾನ್ಯವಾಗಿ ಶೇ. 10 ಅಥವಾ 1,000 ಡಾಲರ್, ಇವೆರಡರಲ್ಲಿ ಕಡಿಮೆಯದನ್ನು ಮೀರುವಂತಿಲ್ಲ. ಮನೆಗೆ ಬಂದು ಮಾಡಿಸಿದ ಕರಾರನ್ನು ಮೂರು ಕೆಲಸದ ದಿನಗಳೊಳಗೆ, 65 ದಾಟಿದವರು ಐದು ದಿನಗಳೊಳಗೆ, ರದ್ದು ಮಾಡುವ ಹಕ್ಕಿದೆ. "ಇವತ್ತೇ ಸಹಿ ಹಾಕಿದರೆ ಮಾತ್ರ ಈ ಬೆಲೆ" ಎಂದರೆ ಆ ಬೆಲೆ ನಮಗೆ ಬೇಡ.

ಬಾಡಿಗೆ ಮನೆಯಲ್ಲಿರುವವರು ಬೇಸರಪಡಬೇಕಿಲ್ಲ. ಬರ್ಕ್ಲಿಯ ಹೆಚ್ಚಿನ ಮನೆಗಳಿಗೆ ಆವಾ ಕಮ್ಯುನಿಟಿ ಎನರ್ಜಿ ಎಂಬ ಸಾರ್ವಜನಿಕ ಸಂಸ್ಥೆ ನವೀಕರಿಸಬಹುದಾದ ಮೂಲಗಳ ಕರೆಂಟನ್ನೇ ಕೊಡುತ್ತದೆ. ಸಂಜೆ 4ರಿಂದ 9ರ ಬಳಕೆ ತಗ್ಗಿಸುವ ಉಪಾಯವಂತೂ ಎಲ್ಲರಿಗೂ ಒಂದೇ.

ಕೊನೆಯಲ್ಲಿ ಮಕ್ಕಳಿಗೊಂದು ಮನೆಗೆಲಸ. ಈ ವಾರ ಪ್ರತಿದಿನ ಮನೆಯ ಕರೆಂಟ್ ಬಳಕೆಯನ್ನು ನೋಡಿ, ಎಷ್ಟು ಯುನಿಟ್ ಎಂದು ಕನ್ನಡ ಅಂಕಿಗಳಲ್ಲಿ ಬರೆದುಕೊಂಡು ಬರಲಿ. ಅವರಿಗೆ ಅಂಕಿ ಅಭ್ಯಾಸವಾಗುತ್ತದೆ, ನಿಮಗೆ ಸೋಲಾರ್ ಲೆಕ್ಕದ ಮೊದಲ ಪುಟ ಸಿದ್ಧವಾಗುತ್ತದೆ.