ಜಾಲತಾಣದ ಜಲ್ಪ

ಭಾರತೀಯ ತರ್ಕಶಾಸ್ತ್ರದ ಮೂಲಗ್ರಂಥವಾದ ಗೌತಮನ ನ್ಯಾಯಸೂತ್ರವು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ಎರಡೂ ಪಕ್ಷದವರು ಪ್ರಮಾಣವನ್ನು, ಅಂದರೆ ಒಪ್ಪತಕ್ಕ ಆಧಾರವನ್ನು, ಮುಂದಿಟ್ಟುಕೊಂಡು ನಿಜವೇನೆಂದು ತಿಳಿಯುವುದಕ್ಕಾಗಿ ನಡೆಸುವುದು ವಾದ. ಗೆಲುವೊಂದೇ ಗುರಿಯಾಗಿ, ಅದಕ್ಕಾಗಿ ಮಾತಿನ ಮೋಸವನ್ನೂ ಬಳಸುವುದು ಜಲ್ಪ. ತನ್ನದೆಂಬ ನಿಲುವನ್ನೇ ಮಂಡಿಸದೆ ಎದುರಾಳಿಯ ಮಾತನ್ನು ಕೆಡವುವುದರಲ್ಲೇ ತೃಪ್ತಿಪಡುವುದು ವಿತಂಡ. ಕನ್ನಡದ ದಿನಬಳಕೆಯಲ್ಲಿ ವಾದವೂ ವಿತಂಡವಾದವೂ ಉಳಿದುಕೊಂಡು ಜಲ್ಪವೆಂಬ ಪದ ಮರೆಯಾಗಿರುವುದು ಸೋಜಿಗವೇ ಸರಿ, ಏಕೆಂದರೆ ಫೇಸ್‌ಬುಕ್, ಎಕ್ಸ್, ಯೂಟ್ಯೂಬ್‌ಗಳಲ್ಲಿ ರಾಜಕೀಯ ಚರ್ಚೆಯೆಂಬ ಹೆಸರಿನಲ್ಲಿ ಇಂದು ನಡೆಯುತ್ತಿರುವುದರ ಬಹುಪಾಲಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಕರ್ನಾಟಕದಲ್ಲಿ 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ರಾಜ್ಯದ ಮಹಿಳೆಯರು ಸರ್ಕಾರಿ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸುತ್ತಾರೆ, ನಿರ್ವಾಹಕರು ಅವರಿಗೆ ಶೂನ್ಯ ಟಿಕೆಟ್ ಕೊಡುತ್ತಾರೆ, ಆ ಟಿಕೆಟ್‌ಗಳ ಲೆಕ್ಕದ ಮೇಲೆ ಸರ್ಕಾರವು ನಿಗಮಗಳಿಗೆ ಹಣ ತುಂಬಿಕೊಡಬೇಕಾಗುತ್ತದೆ. ಇದರ ಬಗ್ಗೆ ಕೇಳಲೇಬೇಕಾದ ಪ್ರಶ್ನೆಗಳು ಹಲವಿವೆ: ಆ ಹಣ ಸಕಾಲಕ್ಕೆ, ಪೂರ್ತಿಯಾಗಿ ಬರುತ್ತಿದೆಯೇ, ಹಳ್ಳಿಯಿಂದ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿಬರುವ ಹೆಣ್ಣುಮಕ್ಕಳ ಕೈಯಲ್ಲಿ ತಿಂಗಳಿಗೆ ಎಷ್ಟು ಉಳಿಯುತ್ತಿದೆ, 2025ರ ಜನವರಿಯಲ್ಲಿ ಪ್ರಯಾಣ ದರ ಶೇ 15ರಷ್ಟು ಏರಿದ್ದರಲ್ಲಿ ಡೀಸೆಲ್ ಮತ್ತು ವೇತನದ ಪಾಲೆಷ್ಟು, ಈ ಯೋಜನೆಯ ಪಾಲೆಷ್ಟು? ಆದರೆ ಇಂಥ ಸುದ್ದಿಯ ಕೆಳಗಿನ ಕಾಮೆಂಟುಗಳು ಸಾಗುವ ದಾರಿಯೇ ಬೇರೆ. ಮೊದಲನೆಯವರು ‘ಬಿಟ್ಟಿ ಭಾಗ್ಯ’ ಎನ್ನುತ್ತಾರೆ, ಎರಡನೆಯವರು ‘ಶ್ರೀಮಂತರ ಸಾಲ ಮನ್ನಾ ಮಾಡಿದಾಗ ಎಲ್ಲಿಗೆ ಹೋಗಿದ್ರಿ’ ಎಂದು ತಿರುಗಿಸುತ್ತಾರೆ, ಮೂರನೆಯವರು ‘ಗುಲಾಮ’ ಎಂದರೆ ನಾಲ್ಕನೆಯವರು ‘ಅಂಧಭಕ್ತ’ ಎನ್ನುತ್ತಾರೆ, ಹತ್ತನೆಯ ಕಾಮೆಂಟಿನ ಹೊತ್ತಿಗೆ ಬಸ್ಸೂ ಇಲ್ಲ, ಟಿಕೆಟ್ಟೂ ಇಲ್ಲ.

ಪ್ರಸ್ತುತ ವಿಷಯವನ್ನು ಬಿಟ್ಟು ಬೇರೊಂದಕ್ಕೆ ಜಿಗಿಯುವ ಈ ಪರಿಗೆ ನ್ಯಾಯಸೂತ್ರವು ಅರ್ಥಾಂತರವೆಂದು ಹೆಸರಿಟ್ಟು, ಅದನ್ನು 22 ನಿಗ್ರಹಸ್ಥಾನಗಳಲ್ಲಿ, ಎಂದರೆ ವಾದಿಯು ಸೋತನೆಂದು ಘೋಷಿಸಬಹುದಾದ ಸಂದರ್ಭಗಳಲ್ಲಿ, ಒಂದಾಗಿ ಎಣಿಸಿದೆ. ಎದುರಾಳಿಯ ಮಾತಿಗೆ ಅವನು ಉದ್ದೇಶಿಸದ ಅರ್ಥವನ್ನು ಹಚ್ಚಿ ಖಂಡಿಸುವುದು ಛಲ. ಹುಡುಗನೊಬ್ಬ ‘ನವಕಂಬಲ’ ಹೊದ್ದಿದ್ದಾನೆ, ಅಂದರೆ ಹೊಸ ಕಂಬಳಿ ಹೊದ್ದಿದ್ದಾನೆ ಎಂದವನಿಗೆ ‘ಒಂಬತ್ತು ಕಂಬಳಿ ಎಲ್ಲಿವೆ, ಒಂದೇ ಇದೆಯಲ್ಲ’ ಎಂದು ಎದುರಾಡುವುದು ಇದಕ್ಕೆ ನ್ಯಾಯಸೂತ್ರದ ಮೇಲೆ ವಾತ್ಸ್ಯಾಯನ ಬರೆದ ಭಾಷ್ಯ ಕೊಡುವ ನಿದರ್ಶನ. ಇಂದಿನ ಛಲಕ್ಕೆ ಶ್ಲೇಷೆಯ ಜಾಣ್ಮೆಯೂ ಬೇಕಿಲ್ಲ, ವಿಡಿಯೊ ಕತ್ತರಿಸುವ ಆ್ಯಪ್ ಇದ್ದರೆ ಸಾಕು. ಕನ್ನಡ ವಾಕ್ಯದಲ್ಲಿ ಕ್ರಿಯಾಪದವೂ ನಿಷೇಧವೂ ಕೊನೆಗೆ ಬರುವುದರಿಂದ ಈ ಕೆಲಸ ಇನ್ನಷ್ಟು ಸಲೀಸಾಗಿದೆ: ಭಾಷಣಕಾರನು ‘ರೈತರಿಗೆ ಸಬ್ಸಿಡಿ ಕೊಡುವುದೇ ದಂಡ ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ’ ಎಂದಿದ್ದರೆ, ‘ದಂಡ’ ಎಂಬಲ್ಲಿಗೆ ಕತ್ತರಿ ಹಾಕಿದೊಡನೆ ಆತ ಖಂಡಿಸಹೊರಟ ಮಾತು ಆತನದೇ ಆಗಿಬಿಡುತ್ತದೆ.

ಬೈಗುಳದ ಪದಕೋಶವನ್ನು ಗಮನಿಸಿದರೂ ನಷ್ಟದ ಅಂದಾಜು ಸಿಗುತ್ತದೆ. ಶರಣರ ಷಟ್‌ಸ್ಥಲದಲ್ಲಿ ಮೊದಲ ಮೆಟ್ಟಿಲೆನಿಸಿದ ಭಕ್ತನು ಇಲ್ಲಿ ಯೋಚಿಸುವ ಶಕ್ತಿ ಇಲ್ಲದವನಾಗಿದ್ದಾನೆ. ಬುದ್ಧಿಜೀವಿ ಎಂಬ ಪದವು ವ್ಯಂಗ್ಯದ ಉದ್ಧರಣ ಚಿಹ್ನೆಯಿಲ್ಲದೆ ಕಾಣಿಸಿಕೊಳ್ಳುವುದೇ ಅಪರೂಪವಾಗಿ, ಅದರ ಬೆನ್ನಿಗೇ ‘ಗಂಜಿ ಗಿರಾಕಿ’ ಎಂಬ ಬಿರುದೂ ಹುಟ್ಟಿಕೊಂಡಿದೆ. ಹಸಿದವನ ಊಟವಾದ ಗಂಜಿಯು ಬೈಗುಳವಾಗಲು ಮಾಡಿದ ತಪ್ಪೇನೆಂಬುದು ಬೇರೆಯೇ ಪ್ರಶ್ನೆ. ಇಂಥ ಪದಗಳ ಅನುಕೂಲವೆಂದರೆ, ಆಡಿದವರು ಯಾರೆಂದು ಗುರುತಿಸಿಬಿಟ್ಟರೆ ಆಡಿದ್ದೇನೆಂದು ಕೇಳಿಸಿಕೊಳ್ಳುವ ಶ್ರಮ ತಪ್ಪುತ್ತದೆ.

ಹೆಸರು ಮರೆಮಾಚಿಕೊಳ್ಳುವ ಅವಕಾಶವೇ ಇದಕ್ಕೆಲ್ಲ ಮೂಲವೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅನುಭವ ಅದನ್ನು ಪೂರ್ತಿ ಸಮರ್ಥಿಸುವುದಿಲ್ಲ. ದಕ್ಷಿಣ ಕೊರಿಯಾ 2007ರಲ್ಲಿ ದೊಡ್ಡ ಜಾಲತಾಣಗಳಲ್ಲಿ ಬರೆಯುವವರು ನಿಜವಾದ ಗುರುತನ್ನು ದೃಢಪಡಿಸಬೇಕೆಂಬ ನಿಯಮ ತಂದಿತು. 2012ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ರದ್ದುಪಡಿಸಿದಾಗ ಕೊಟ್ಟ ಕಾರಣಗಳಲ್ಲಿ, ಆ ನಿಯಮದಿಂದ ಕೆಟ್ಟ ಬರಹ ಗಮನಾರ್ಹವಾಗಿ ಕಡಿಮೆಯಾದದ್ದು ಕಾಣುವುದಿಲ್ಲವೆಂಬುದೂ ಒಂದಾಗಿತ್ತು. ಅಮೆರಿಕ ಮತ್ತು ಡೆನ್ಮಾರ್ಕ್‌ಗಳ ಜನರನ್ನು ಸಮೀಕ್ಷೆಗೊಳಪಡಿಸಿದ ಅಲೆಕ್ಸಾಂಡರ್ ಬೋರ್ ಮತ್ತು ಮೈಕೆಲ್ ಬ್ಯಾಂಗ್ ಪೀಟರ್ಸನ್ ಎಂಬ ರಾಜ್ಯಶಾಸ್ತ್ರಜ್ಞರ ಸಂಶೋಧನೆ ಹೇಳುವುದೂ ಇದಕ್ಕೆ ಹತ್ತಿರವಾಗಿದೆ: ಸಂಭಾವಿತರು ಪರದೆಯ ಮುಂದೆ ಕುಳಿತೊಡನೆ ಪುಂಡರಾಗುವುದಿಲ್ಲ, ಎದುರುಬದುರು ಜಗಳಗಂಟರಾದವರೇ ಅಲ್ಲಿಯೂ ಜಗಳಗಂಟರು, ವ್ಯತ್ಯಾಸವೆಂದರೆ ಊರಿನಲ್ಲಿ ನಾಲ್ಕು ಜನಕ್ಕೆ ಕೇಳುತ್ತಿದ್ದ ಅವರ ಕೂಗು ಇಲ್ಲಿ ಸಾವಿರಾರು ಜನಕ್ಕೆ ಕೇಳಿಸುತ್ತದೆ. ಪ್ಯೂ ಸಂಶೋಧನಾ ಕೇಂದ್ರವು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಮೆರಿಕದ ವಯಸ್ಕ ಟ್ವಿಟರ್ ಬಳಕೆದಾರರಲ್ಲಿ ಶೇ 10ರಷ್ಟು ಜನ ಬರೆದದ್ದೇ ಒಟ್ಟು ಟ್ವೀಟ್‌ಗಳಲ್ಲಿ ಶೇ 80ರಷ್ಟಿತ್ತು. ಓದಿ ಸುಮ್ಮನೆ ಸರಿದುಹೋಗುವ ಉಳಿದವರ ಅಭಿಪ್ರಾಯ ಯಾವ ಎಣಿಕೆಗೂ ಸಿಗದು.

ಕೂಗು ದೂರಕ್ಕೆ ಕೇಳುವುದರಲ್ಲಿ ಆಲ್ಗರಿದಮ್‌ನ, ಅಂದರೆ ಯಾರಿಗೆ ಯಾವ ಬರಹವನ್ನು ಮೊದಲು ತೋರಿಸಬೇಕೆಂದು ನಿರ್ಧರಿಸುವ ಗಣಕ ಸೂತ್ರದ, ಪಾತ್ರ ದೊಡ್ಡದು. 2021ರಲ್ಲಿ ಫೇಸ್‌ಬುಕ್‌ನ ಮಾಜಿ ಉದ್ಯೋಗಿ ಫ್ರಾನ್ಸೆಸ್ ಹೌಗೆನ್ ಹೊರಗೆಡವಿದ ಅದರ ಒಳಕಡತಗಳಿಂದ ತಿಳಿದುಬಂದಂತೆ, ಆ ಸಂಸ್ಥೆ 2017ರಿಂದ ಕೋಪ, ನಗು, ಅಳು ಮೊದಲಾದ ಭಾವಚಿಹ್ನೆಗಳಿಗೆ ‘ಲೈಕ್’ಗಿಂತ ಐದು ಪಟ್ಟು ತೂಕ ಕೊಟ್ಟಿತ್ತು, ಹೆಚ್ಚು ಕೋಪ ಗಳಿಸಿದ ಬರಹಗಳಲ್ಲಿ ಸುಳ್ಳೂ ಕೀಳುಮಾತೂ ಹೆಚ್ಚೆಂದು ಅದರ ತಜ್ಞರೇ ಕಂಡುಕೊಂಡಿದ್ದರೂ ಕೋಪದ ಚಿಹ್ನೆಯ ತೂಕ ಸೊನ್ನೆಗಿಳಿದದ್ದು 2020ರಲ್ಲಿ. ಹೀಗೆ ನಡೆಯುವ ಸಭೆಯಲ್ಲಿ ವಾದಿಯು ಎದುರಾಳಿಯನ್ನು ಒಪ್ಪಿಸಬೇಕಾದ ಅಗತ್ಯವೇ ಉಳಿಯುವುದಿಲ್ಲ, ಸುತ್ತ ನಿಂತ ತನ್ನ ಕಡೆಯವರಿಂದ ಸೀಟಿ ಹೊಡೆಸಿಕೊಂಡರೆ ಸಾಕಾಗುತ್ತದೆ.

ಶಾಸ್ತ್ರಾರ್ಥದ, ಅಂದರೆ ಪಂಡಿತರ ಶಾಸ್ತ್ರಚರ್ಚೆಯ, ಸಭೆಗಳಲ್ಲಿ ಸೋಲು ಗೆಲುವುಗಳನ್ನು ಗೊತ್ತುಮಾಡುತ್ತಿದ್ದ ಮಧ್ಯಸ್ಥನೆಂಬವನು ಈ ಸಭೆಯಲ್ಲಿಲ್ಲ. ಮುದ್ರಣ ಯುಗದಲ್ಲಿ ಆ ಸ್ಥಾನ ಸಂಪಾದಕರದಾಗಿತ್ತು. ‘ಪ್ರಜಾವಾಣಿ’ಯ ‘ವಾಚಕರ ವಾಣಿ’ಯಂಥ ಅಂಕಣಕ್ಕೆ ಬಂದ ಕಾಗದವು ಹೆಸರು, ಊರುಗಳೊಂದಿಗೆ, ಬೈಗುಳ ಕಳಚಿಕೊಂಡು, ಒಂದು ವಿಷಯಕ್ಕೆ ಕಟ್ಟುಬಿದ್ದು ಅಚ್ಚಾಗುತ್ತಿತ್ತು. ಆ ಕಾಲವನ್ನು ಸುವರ್ಣಯುಗವೆಂದು ಕೊಂಡಾಡುವುದೂ ಸರಿಯಲ್ಲ, ಏಕೆಂದರೆ ಅಕ್ಷರವೂ ಅಂಚೆಚೀಟಿಯೂ ಸಂಪಾದಕರ ಕೃಪೆಯೂ ಕೂಡಿಬಂದವರಿಗೆ ಮಾತ್ರ ಆ ಬಾಗಿಲು ತೆರೆಯುತ್ತಿತ್ತು, ಜಾಲತಾಣವು ಅದನ್ನು ಎಲ್ಲರಿಗೂ ತೆರೆದದ್ದು ಸಣ್ಣ ಸಂಗತಿಯಲ್ಲ. ಇಂದು ಮಧ್ಯಸ್ಥಿಕೆಯ ಬಹುಪಾಲನ್ನು ಯಂತ್ರಕ್ಕೆ ವಹಿಸಲಾಗಿದ್ದು, ಕನ್ನಡದ ಮಟ್ಟಿಗೆ ಆ ಯಂತ್ರದ ಪಾಡು ಕಷ್ಟದ್ದು. ಬಹಳಷ್ಟು ಜನ ಕನ್ನಡವನ್ನು ರೋಮನ್ ಲಿಪಿಯಲ್ಲಿ ತಮಗೆ ತೋಚಿದಂತೆ ಟೈಪಿಸುವುದರಿಂದ ‘ನಾಚಿಕೆ’ ಎಂಬ ಒಂದು ಪದವೇ ನಾಲ್ಕಾರು ರೂಪಗಳಲ್ಲಿ ಬರುತ್ತದೆ, ನಡುನಡುವೆ ಇಂಗ್ಲಿಷೂ ಸೇರಿರುತ್ತದೆ. ಇಂಥ ಬೆರಕೆ ಬರಹದಲ್ಲಿ ನಿಂದನೆಯನ್ನು ಗುರುತಿಸುವ ಬಗೆಯನ್ನು ಭಾಷಾತಂತ್ರಜ್ಞರು ಯೂಟ್ಯೂಬ್‌ನ ಕನ್ನಡ ಕಾಮೆಂಟುಗಳನ್ನು ಕಲೆಹಾಕಿ ಅಭ್ಯಸಿಸುತ್ತಿದ್ದಾರೆ. ಬೈಗುಳ ಹಿಡಿಯುವುದನ್ನು ಯಂತ್ರ ಕಲಿತೀತು, ಅರ್ಥಾಂತರವನ್ನು ಹಿಡಿಯುವುದು ಮನುಷ್ಯರಿಗೇ ಸುಲಭವಲ್ಲ.

ನಿಗ್ರಹಸ್ಥಾನಗಳ ಪಟ್ಟಿಯಲ್ಲಿ ಅನನುಭಾಷಣ ಎಂಬ ಇನ್ನೊಂದಿದೆ. ಸಭೆಗೆ ಅರ್ಥವಾಗುವಂತೆ ಮೂರು ಸಲ ಹೇಳಿದ ಮೇಲೂ ಎದುರಾಳಿಯ ಮಾತನ್ನು ತಿರುಗಿ ಹೇಳಲಾರದವನು, ಉತ್ತರಿಸುವ ಮಾತಂತಿರಲಿ, ಅಲ್ಲಿಗೇ ಸೋತಂತೆ. ಈ ನಿಯಮಕ್ಕೆ ಒಳಪಟ್ಟರೆ ಬಿಟ್ಟಿ ಭಾಗ್ಯವೆಂದವನು ‘ಬಸ್ ಚಾರ್ಜ್ ಉಳಿದರೆ ದುಡಿಯಲು ಹೊರಗೆ ಹೋಗುವ ಹೆಣ್ಣುಮಕ್ಕಳು ಹೆಚ್ಚುತ್ತಾರೆ ಎಂಬುದು ನಿಮ್ಮ ಮಾತು ತಾನೆ’ ಎಂದೂ, ಅವನನ್ನು ಭಕ್ತನೆಂದು ಜರೆದವನು ‘ಸರ್ಕಾರ ಬಾಕಿ ಉಳಿಸಿಕೊಂಡರೆ ನಿಗಮ ಹೊಸ ಬಸ್ಸು ಕೊಳ್ಳಲಾಗದು ಎಂಬುದು ನಿಮ್ಮ ಚಿಂತೆ ತಾನೆ’ ಎಂದೂ ಮೊದಲು ಬರೆಯಬೇಕಾಗುತ್ತದೆ. ಇಷ್ಟನ್ನು ಫೋನಿನಲ್ಲಿ ಟೈಪಿಸುವಷ್ಟರಲ್ಲಿ ಆ ಸುದ್ದಿ ಕೆಳಗೆ ಸರಿದುಹೋಗಿ, ಮೇಲೆ ಬೇರೊಂದು ವಿಡಿಯೊ ಓಡುತ್ತಿರುತ್ತದೆ.