ಮಾದಕ ವ್ಯಸನವೂ ಗೃಹಸ್ಥರ ಕರ್ತವ್ಯವೂ

ಪ್ರತಿ ವರ್ಷವೂ ಜೂನ್ ತಿಂಗಳ 26ನೆಯ ತಾರೀಖಿನಂದು ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಂತಹ ಊರುಗಳಲ್ಲಿ ಶಾಲಾಬಾಲಕರ ಮೆರವಣಿಗೆ ಹೊರಡುವುದನ್ನು ವಾಚಕಮಹಾಶಯರು ಕಂಡಿರಬಹುದು. ಮಾದಕ ದ್ರವ್ಯಗಳ ದುರುಪಯೋಗದ ವಿರುದ್ಧವಾಗಿ ಲೋಕದ ರಾಷ್ಟ್ರಗಳೆಲ್ಲವೂ ಒಂದು ದಿನವನ್ನು ಆಚರಿಸಬೇಕೆಂದು ವಿಶ್ವಸಂಸ್ಥೆಯು 1987ರಲ್ಲಿ ನಿಶ್ಚಯಿಸಿತು. ಆ ದಿನವೇ ಇದು. ಮಕ್ಕಳು ಫಲಕಗಳನ್ನು ಹಿಡಿದು ಘೋಷಣೆಗಳನ್ನು ಕೂಗುತ್ತ ಪೇಟೆಯ ಬೀದಿಯನ್ನು ಸುತ್ತಿ ಬರುವರು; ದೊಡ್ಡವರು ಭಾಷಣ ಮಾಡುವರು; ಪ್ರತಿಜ್ಞಾವಿಧಿ ನಡೆಯುವುದು; ಸಭೆ ಮುಗಿಯುವುದು. ಅದೇ ಸಾಯಂಕಾಲ, ಕೂಗಿ ಕೂಗಿ ಗಂಟಲು ಕಟ್ಟಿದ ಅದೇ ಮಗುವನ್ನು ತಂದೆಯು ಕರೆದು, ಒಂದು ಕಟ್ಟು ಬೀಡಿ ತಾರೆಂದು ಅಂಗಡಿಗೆ ಕಳುಹಿಸುವನು. ಇದನ್ನು ನಾವು ಹಾಸ್ಯಕ್ಕಾಗಿ ಬರೆಯಲಿಲ್ಲ. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಈ ಸೀಮೆಯಲ್ಲಿ ಉಪಾಧ್ಯಾಯವೃತ್ತಿಯನ್ನು ನಡೆಸಿದ ನಾವು ಇಂತಹ ಮೆರವಣಿಗೆಗಳ ಮುಂದೆ ನಡೆದವರೇ ಆಗಿದ್ದೇವೆ. ಆದಕಾರಣವೇ ಅವುಗಳಿಂದ ಆಗದೆ ಉಳಿದ ಕಾರ್ಯ ಯಾವುದೆಂಬುದನ್ನು ಗೃಹಸ್ಥರ ಮುಂದಿಡುವ ಧೈರ್ಯ ಮಾಡಿದ್ದೇವೆ.

ಮೊದಲು ವ್ಯಸನವೆಂಬ ಶಬ್ದವನ್ನೇ ವಿಚಾರಿಸೋಣ. 'ವಿ' ಎಂಬ ಉಪಸರ್ಗದೊಡನೆ, ಎಸೆಯುವುದೆಂಬ ಅರ್ಥವುಳ್ಳ 'ಅಸ್' ಧಾತುವು ಸೇರಿ ಈ ಪದವಾಗಿದೆ. ಮನುಷ್ಯನನ್ನು ಶ್ರೇಯಸ್ಸಿನಿಂದ ಆಚೆಗೆ ಎಸೆಯುವುದರಿಂದ ಇದಕ್ಕೆ ವ್ಯಸನವೆಂಬ ಹೆಸರು ಬಂದಿತೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವಿವರಿಸಿದ್ದಾನೆ. ನಮ್ಮ ಕನ್ನಡದಲ್ಲಿಯಾದರೋ ಇದೇ ಶಬ್ದಕ್ಕೆ ದುಃಖವೆಂಬ ಅರ್ಥವೂ ಉಂಟು. ಮಗನಿಗೆ ವ್ಯಸನವಿದೆಯೆಂದರೂ ತಾಯಿ ವ್ಯಸನಪಡುತ್ತಾಳೆಂದರೂ ಮಾತು ಒಂದೇ. ಒಂದೇ ಮನೆಯಲ್ಲಿ ಈ ಎರಡು ಅರ್ಥಗಳೂ ಕೂಡಿಯೇ ವಾಸಮಾಡುತ್ತವೆಂಬುದನ್ನು ಅನುಭವಿಸಿದವರೇ ಬಲ್ಲರು.

ಇಲ್ಲಿ ನಮ್ಮ ತಪ್ಪೊಂದನ್ನು ಹೇಳಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ, ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಶಾಲೆಯ ಹಿಂದಣ ಗೋಡೆಯ ಮರೆಯಲ್ಲಿ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಕುಳಿತಿದ್ದುದು ನಮ್ಮ ಕಣ್ಣಿಗೆ ಬಿತ್ತು. ಬರೆದುದನ್ನು ಅಳಿಸುವುದಕ್ಕಾಗಿ ಅಂಗಡಿಗಳಲ್ಲಿ ಮಾರುವ ವೈಟ್‌ನರ್ ಎಂಬ ದ್ರವವನ್ನು ಆ ಬಟ್ಟೆಗೆ ಸುರಿದಿದ್ದನು. ನಾವು ಗದರಿಸಿ ಕೂಗಿದೆವು, ಅವನು ಬೆದರಿ ಓಡಿದನು, ನಾವೂ ಬೆನ್ನಟ್ಟಿದೆವು. ಮಾರನೆಯ ದಿನ ತಂದೆಯನ್ನು ಕರೆಯಿಸಿ, ಎಲ್ಲರೆದುರಿಗೂ ನಾಲ್ಕು ಮಾತು ಹೇಳಿ, ನಮ್ಮ ದೂರಿನ ಮೇಲೆಯೇ ವರ್ಗಾವಣೆ ಪತ್ರವನ್ನು ಅವರ ಕೈಗೆ ಕೊಡಿಸಿದೆವು. ಒಂದು ಹಣ್ಣು ಕೊಳೆತರೆ ಬುಟ್ಟಿಯೆಲ್ಲ ಕೊಳೆಯುವುದೆಂದು ಆ ದಿನ ನಮ್ಮ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದುಂಟು. ಹುಡುಗನು ಮತ್ತಾವ ಶಾಲೆಗೂ ಸೇರಲಿಲ್ಲ. ಬೆಂಗಳೂರಿನ ಕಡೆ ಕೆಲಸಕ್ಕೆ ಹೋದನೆಂದು ಕೇಳಿದೆವು. ನಾಲ್ಕೈದು ವರ್ಷ ಮತ್ತೇನನ್ನೂ ಕೇಳಲಿಲ್ಲ.

ಆಮೇಲೊಂದು ದಿನ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಬಳಿ ಅವನ ತಾಯಿಯನ್ನು ಕಂಡೆವು. ಆ ಮನೆಯವರು ಹುಳು ಸಾಕುವವರು. ಮಗನು ಸಾರಾಯಿಗೂ ಮಾತ್ರೆಗಳಿಗೂ ಇಳಿದು, ಮೂಳೆ ಚಕ್ಕಳವಾಗಿ ಮನೆಗೆ ಬಂದನೆಂದೂ, ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಮಾಡಿಸಿ ಕರೆತಂದಿರುವೆವೆಂದೂ ಆಕೆ ತಿಳಿಸಿದಳು. ನಮಗೆ ಏನು ಹೇಳಬೇಕೆಂದು ತೋಚದಿರಲು, ಆಕೆಯೇ ಅಂದಳು: "ಹುಳಕ್ಕೆ ರೋಗ ಬಂದರೆ ಆಯ್ದು ಎಸೀತೀವಿ ಮೇಷ್ಟ್ರೇ, ಮಗನ್ನ ಎಲ್ಲಿಗೆ ಎಸೆಯೋಣ?"

ಆಕೆ ನಮ್ಮನ್ನು ನಿಂದಿಸಲಿಲ್ಲ. ಆದರೂ ವ್ಯಸನಶಬ್ದದ ನಿಜವಾದ ಅರ್ಥವು, ಸಂಸ್ಕೃತ ಓದಿದ ನಮಗೆ ಆ ಮಾರುಕಟ್ಟೆಯ ಗಲಾಟೆಯಲ್ಲಿ ತಿಳಿಯಿತು. ವೈಟ್‌ನರಿನ ಸೀಸೆಯು ಆ ಬಾಲಕನನ್ನು ಒಂದು ಗೇಣು ದೂರ ಎಸೆದಿತ್ತು. ನಾವು ಒಂದು ಗಾವುದ ದೂರ ಎಸೆದೆವು.

ಹುಳು ಸಾಕುವ ಮನೆಯನ್ನು ನೋಡಿದವರಿಗೆ ನಾವು ಹೇಳಲಿರುವುದು ಸುಲಭವಾಗಿ ತಿಳಿದೀತು. ಚಾಕಿಯ ಕಾಲದಲ್ಲಿ, ಎಂದರೆ ಎರಡನೆಯ ಜ್ವರ ಕಳೆಯುವವರೆಗೆ, ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ, ಶಾಖವನ್ನೂ ತೇವವನ್ನೂ ಕಾದು ನೋಡುವರು. ಬಾಗಿಲಲ್ಲಿ ಕೈಕಾಲು ತೊಳೆಯದೆ ಯಾರನ್ನೂ ಒಳಕ್ಕೆ ಬಿಡರು. ಹೊಗೆಸೊಪ್ಪಿನ ಸೋಂಕು ಹುಳುವಿಗೆ ವಿಷವಾದುದರಿಂದ, ಅದನ್ನು ಮುಟ್ಟಿದ ಕೈಯಿಂದ ಸೊಪ್ಪು ಹಾಕಗೊಡರು. ಚಾಕಿಯಲ್ಲಿ ತಗುಲಿದ ದೋಷವು ನಾಲ್ಕನೆಯ ಜ್ವರದ ತರುವಾಯ, ಗೂಡು ಕಟ್ಟುವ ಹೊತ್ತಿಗೆ ಹೊರಬೀಳುವುದೆಂದು ಅವರು ಬಲ್ಲರು. ಒಂದು ತಿಂಗಳೂ ತುಂಬದ ಹುಳುವಿನ ಬಾಳಿಗೆ ಇಷ್ಟು ಎಚ್ಚರವುಳ್ಳ ನಾವು, ಹದಿನೆಂಟು ವರ್ಷ ಸಾಕಬೇಕಾದ ಮಗುವಿನೆದುರಿಗೆ ಹೊಗೆಯನ್ನೂ ಬಿಡುತ್ತೇವೆ, ಸೀಸೆಯನ್ನೂ ಇಡುತ್ತೇವೆ; ದೋಷ ಹೊರಬಿದ್ದ ದಿನ ಮಾತ್ರ ಹುಳುಮನೆಯ ನ್ಯಾಯವನ್ನು ನೆನೆದು ಆಯ್ದು ಎಸೆಯುತ್ತೇವೆ. ಎಚ್ಚರದಲ್ಲಿ ಹುಳುಮನೆಯನ್ನು ಅನುಸರಿಸಬೇಕು, ಎಸೆಯುವುದರಲ್ಲಿ ಅನುಸರಿಸಬಾರದು. ಇಷ್ಟೇ ಈ ಲೇಖನದ ತಾತ್ಪರ್ಯ.

ನಮ್ಮ ಊರುಗಳಿಗೆ ಈ ಎಚ್ಚರವು ವಿಶೇಷವಾಗಿ ಬೇಕಾಗಿದೆ. ಒಂದು ಕಡೆಗೆ ಬೆಂಗಳೂರು, ಮತ್ತೊಂದು ಕಡೆಗೆ ಆಂಧ್ರದ ಗಡಿ, ನಡುವೆ 44ನೆಯ ರಾಷ್ಟ್ರೀಯ ಹೆದ್ದಾರಿ. ಸರಕು ಬರುವ ದಾರಿಯಲ್ಲಿಯೇ ಕೇಡೂ ಬರಬಲ್ಲದು. ಆದರೆ ಎಲ್ಲವೂ ಹೊರಗಿನಿಂದಲೇ ಬರುವುದೆಂಬುದು ಭ್ರಾಂತಿ. ಪಂಕ್ಚರು ಹಾಕುವ ಸಲ್ಯೂಷನ್ನು, ಕೆಮ್ಮಿನ ಔಷಧಿ, ಅಜ್ಜನ ನಿದ್ರೆಯ ಮಾತ್ರೆ, ನೋವಿನ ಮಾತ್ರೆ, ಇವು ಪಕ್ಕದ ಅಂಗಡಿಯಲ್ಲಿಯೂ ಮನೆಯ ಗೂಡಿನಲ್ಲಿಯೂ ಇರತಕ್ಕವು. ದೆಹಲಿಯ ಏಮ್ಸ್ ಸಂಸ್ಥೆಯವರು ದೇಶವನ್ನೆಲ್ಲ ಸಮೀಕ್ಷಿಸಿ 2019ರಲ್ಲಿ ಹೊರಡಿಸಿದ ವರದಿಯಲ್ಲಿ ಒಂದು ಸಂಗತಿ ಮನಸ್ಸನ್ನು ಕಲಕುವಂತಿದೆ. ಮೂಸಿ ಮತ್ತೇರಿಸಿಕೊಳ್ಳುವ ಈ ದ್ರವಗಳ ಬಳಕೆ ದೊಡ್ಡವರಲ್ಲಿ ನೂರಕ್ಕೆ 0.58 ಇದ್ದರೆ, ಹತ್ತರಿಂದ ಹದಿನೇಳು ವರ್ಷದ ಮಕ್ಕಳಲ್ಲಿ 1.17 ಇದೆ. ದೊಡ್ಡವರಿಗಿಂತ ಮಕ್ಕಳೇ ಹೆಚ್ಚಾಗಿ ಬಳಸುವ ಮಾದಕ ಇದೊಂದೇ. ಅದೇ ವರದಿಯಂತೆ, ಮದ್ಯಕ್ಕೆ ಅಧೀನರಾದವರಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವರು 38 ಮಂದಿಗೆ ಒಬ್ಬರು ಮಾತ್ರ. ಮಿಕ್ಕವರು ಎಲ್ಲಿದ್ದಾರೆ? ಮರ್ಯಾದೆಯ ಬಾಗಿಲನ್ನು ಮುಚ್ಚಿಕೊಂಡು ಮನೆಯೊಳಗೇ ಇದ್ದಾರೆ.

ಕಾನೂನು ಇಲ್ಲವೆ ಎಂದರೆ, ಉಂಟು. 1939ರಲ್ಲಿ ಚಿತ್ರದುರ್ಗದ ಸೀಮೆಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಹೆಂಡದ ಮೂಲವಾದ ಈಚಲ ಮರಗಳನ್ನೇ ಕಡಿದು ಸೆರೆಮನೆ ಸೇರಿದರು. ಮಾದಕ ದ್ರವ್ಯಗಳ ಕಾಯಿದೆ 1985ರಲ್ಲಿ ಬಂದಿತು. ಶಾಲೆಯ ಸುತ್ತ ನೂರು ಗಜದೊಳಗೆ ತಂಬಾಕು ಮಾರಕೂಡದೆಂದು 2003ರ ಕಾಯಿದೆ ವಿಧಿಸಿತು. ನಮ್ಮ ಜಿಲ್ಲೆಯು ಕೋಲಾರದಿಂದ ಬೇರ್ಪಟ್ಟ 2007ನೆಯ ಇಸವಿಯಲ್ಲಿಯೇ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮಗುವಿಗೆ ಮದ್ಯವನ್ನಾಗಲಿ ತಂಬಾಕನ್ನಾಗಲಿ ಕೊಟ್ಟವನಿಗೆ ಏಳು ವರ್ಷದವರೆಗೆ ಕಠಿಣ ಸೆರೆವಾಸವುಂಟೆಂದು 2015ರ ಬಾಲನ್ಯಾಯ ಕಾಯಿದೆ ಹೇಳುತ್ತದೆ. ಇವೆಲ್ಲವೂ ಬೇಕಾದವೇ. ಆದರೆ ಈಚಲ ಮರಕ್ಕೆ ಕೊಡಲಿಯುಂಟು. ಹುಡುಗನ ಜೇಬಿನ ಸೀಸೆಗೆ ಯಾವ ಕೊಡಲಿ? ಅಲ್ಲಿಗೆ ಹೋಗಬಲ್ಲದ್ದು ವಿದ್ಯೆಯೊಂದೇ.

ಆ ವಿದ್ಯೆಯನ್ನು ಕೊಡುವ ಕ್ರಮದಲ್ಲಿಯೂ ನಾವು ಎಡವಿದ್ದೇವೆ. ತಲೆಬುರುಡೆಯ ಚಿತ್ರ ತೋರಿಸಿ ಹೆದರಿಸುವುದು, ವರ್ಷಕ್ಕೊಂದು ಭಾಷಣ ಮಾಡಿಸುವುದು, ಇವೇ ನಮ್ಮ ಪದ್ಧತಿ. ಅಮೆರಿಕದಲ್ಲಿ 1983ರಿಂದ ಸಮವಸ್ತ್ರದ ಪೊಲೀಸರು ಶಾಲೆಗಳಿಗೆ ಬಂದು ಪಾಠ ಹೇಳುವ ದೊಡ್ಡ ಯೋಜನೆಯೊಂದು ನಡೆಯಿತು. ಪರೀಕ್ಷಿಸಿ ನೋಡಿದಾಗ ಮಕ್ಕಳ ನಡತೆಯಲ್ಲಿ ಹೇಳಿಕೊಳ್ಳುವಷ್ಟು ಭೇದ ಕಾಣಲಿಲ್ಲ. ಹೆದರಿಕೆಯಿಂದಲೂ ಬರಿಯ ಉಪನ್ಯಾಸದಿಂದಲೂ ಪ್ರಯೋಜನವಿಲ್ಲವೆಂದು ವಿಶ್ವಸಂಸ್ಥೆಯ ತಜ್ಞರೂ ಬರೆದಿದ್ದಾರೆ. ಐಸ್‌ಲೆಂಡ್ ಎಂಬ ಪುಟ್ಟ ದೇಶವು ಬೇರೆ ದಾರಿ ಹಿಡಿಯಿತು. ಅಲ್ಲಿ 1998ರಲ್ಲಿ ಹದಿನೈದು ಹದಿನಾರರ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ತಿಂಗಳಲ್ಲಿ ಕುಡಿದು ಮತ್ತರಾದವರು; 2016ರ ಹೊತ್ತಿಗೆ ಆ ಸಂಖ್ಯೆ 5ಕ್ಕೆ ಇಳಿಯಿತು. ಮಕ್ಕಳಿಗೆ ಆಟವನ್ನೂ ಸಂಗೀತವನ್ನೂ ಒದಗಿಸಿದರು. ತಂದೆತಾಯಂದಿರು ಸಂಜೆಯ ಹೊತ್ತು ಮಕ್ಕಳೊಡನಿದ್ದು, ಒಬ್ಬರ ಮಕ್ಕಳ ಮೇಲೆ ಮತ್ತೊಬ್ಬರೂ ಕಣ್ಣಿಟ್ಟರು. ಇದರಲ್ಲಿ ನಮ್ಮ ಹಳ್ಳಿಗಳಿಗೆ ಹೊಸದೇನಿದೆ? ನಾವು ಮರೆತದ್ದನ್ನು ಅವರು ಮಾಡಿದರು, ಅಷ್ಟೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಓದುವ ಹಂಬಲದಿಂದ 1935ರಲ್ಲಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋಗಿ, ಮುಂದೆ ವಿಶ್ವವಿದ್ಯಾನಿಲಯದ ಕುಲಪತಿಗಳಾದ ಡಾ. ಎಚ್. ನರಸಿಂಹಯ್ಯನವರು, ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಜೀವಮಾನವೆಲ್ಲ ಬೋಧಿಸಿದರು. ಮಾದಕದ ವಿಷಯದಲ್ಲಿ ಮಕ್ಕಳಿಗೆ ಬೇಕಾದುದೂ ಪ್ರಶ್ನಿಸುವ ಸ್ವಾತಂತ್ರ್ಯವೇ. "ಒಂದು ಸಲ ಸೇದಿದರೆ ಏನಾಗುತ್ತದೆ?" ಎಂದು ಕೇಳಿದ ಹುಡುಗನನ್ನು ಗದರಿಸಿದರೆ, ಅವನು ಉತ್ತರವನ್ನು ಸೇದುವವನ ಬಳಿಯೇ ಹುಡುಕುವನು. ಸ್ನೇಹಿತನು ಬಲವಂತ ಮಾಡಿದಾಗ ಮುಖ ಕೆಡಿಸಿಕೊಳ್ಳದೆ ಬೇಡವೆನ್ನುವುದು ಹೇಗೆಂಬುದನ್ನು, ಗಣಿತದ ಲೆಕ್ಕದಂತೆಯೇ, ತರಗತಿಯಲ್ಲಿ ಮಾಡಿಸಿ ಕಲಿಸಬೇಕು.

ಜನಜಾಗೃತಿಗೆ ನಮ್ಮ ನಾಡಿನಲ್ಲಿಯೇ ಉತ್ತಮವಾದ ನಿದರ್ಶನವಿದೆ. ಇಳಕಲ್ಲಿನ ಮಠದ ಡಾ. ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ದವಸಧಾನ್ಯವನ್ನು ಬೇಡದೆ, ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿರೆಂದು ಬೇಡಿದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ವ್ಯಸನಮುಕ್ತ ದಿನವಾಗಿ ನಮ್ಮ ರಾಜ್ಯವು ಆಚರಿಸುತ್ತಿದೆ. ವ್ಯಸನಿಯನ್ನು ಮಠದಿಂದ ಹೊರಗಿಡದೆ, ತಾವೇ ಅವನ ಬಾಗಿಲಿಗೆ ಹೋದರೆಂಬುದೇ ಇಲ್ಲಿನ ಪಾಠ.

ಇನ್ನು ಮನೆಯಲ್ಲಿ ಮಾಡಬೇಕಾದ ಕಾರ್ಯಗಳನ್ನು ಸಂಕ್ಷೇಪವಾಗಿ ಹೇಳುವೆವು. ಬೀಡಿ, ಸಿಗರೇಟು, ಮದ್ಯಗಳನ್ನು ತರಲು ಮಕ್ಕಳನ್ನು ಕಳುಹಿಸಬಾರದು. ನಿದ್ರೆಯ ಮಾತ್ರೆ, ನೋವಿನ ಮಾತ್ರೆಗಳನ್ನು ಬೀಗದಲ್ಲಿಟ್ಟು ಎಣಿಸುತ್ತಿರಬೇಕು. ಬಟ್ಟೆಯಲ್ಲಿ ಬಣ್ಣದ ಅಥವಾ ಅಂಟಿನ ವಾಸನೆ, ಮೂಗುಬಾಯಿಗಳ ಸುತ್ತ ಕಲೆ, ಕೆಂಪೇರಿದ ಕಣ್ಣು, ಮನೆಯಲ್ಲಿ ಕಾಣೆಯಾಗುವ ಹಣ, ಇವುಗಳನ್ನು ಗಮನಿಸಬೇಕು. ಆದರೆ ಒಂದೇ ಗುರುತಿನಿಂದ ಅಪರಾಧಿಯೆಂದು ತೀರ್ಮಾನಿಸಬಾರದು. ಮಗುವು ಮೂಸುತ್ತಿರುವುದನ್ನು ಕಂಡರೆ ಕೂಗಿ ಬೆದರಿಸಲೂಬಾರದು, ಬೆನ್ನಟ್ಟಲೂಬಾರದು. ಆ ಸ್ಥಿತಿಯಲ್ಲಿ ಗಾಬರಿಯೂ ಓಟವೂ ಕೂಡಿದರೆ ಹೃದಯದ ಗತಿ ಕೆಟ್ಟು ತತ್‌ಕ್ಷಣವೇ ಮರಣ ಸಂಭವಿಸಬಹುದೆಂದು ವೈದ್ಯರು ಹೇಳುತ್ತಾರೆ. ಮೆಲ್ಲಗೆ ಬಳಿಗೆ ಹೋಗಿ, ಬಟ್ಟೆಯನ್ನು ತೆಗೆಯಿಸಿ, ಗಾಳಿಯಾಡುವೆಡೆ ಕುಳ್ಳಿರಿಸಿ, ವೈದ್ಯರನ್ನು ಕಾಣಬೇಕು. ನಾವು ಬೆನ್ನಟ್ಟಿದ ಆ ದಿನ ಏನಾಗಬಹುದಾಗಿತ್ತೆಂಬುದನ್ನು ಇದನ್ನು ತಿಳಿದ ಮೇಲೆ ನೆನೆದು ನಡುಗಿದ್ದೇವೆ.

ಬಹುಕಾಲ ವಿಪರೀತವಾಗಿ ಕುಡಿದವರನ್ನು ಕೋಣೆಯಲ್ಲಿ ಕೂಡಿಹಾಕಿ ಏಕಾಏಕಿ ಬಿಡಿಸುವುದೂ ಅಪಾಯ. ಫಿಟ್ಸೂ ಸನ್ನಿಯೂ ಬರಬಹುದಾದುದರಿಂದ ವೈದ್ಯರ ಕಣ್ಗಾವಲಿನಲ್ಲಿಯೇ ಬಿಡಿಸಬೇಕು. ಸರ್ಕಾರದ 14446 ಎಂಬ ದೂರವಾಣಿಯಲ್ಲಿ ವ್ಯಸನಮುಕ್ತಿಯ ಸಲಹೆಯೂ, 14416ರಲ್ಲಿ ಮಾನಸಿಕ ಆರೋಗ್ಯದ ಸಲಹೆಯೂ ಖರ್ಚಿಲ್ಲದೆ ದೊರೆಯುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಪೊಲೀಸರ ಭಯದಿಂದ ಬಚ್ಚಿಡುವವರು ಒಂದನ್ನು ತಿಳಿಯಬೇಕು. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪಕ್ಕೆ ಒಳಗಾದ ವ್ಯಸನಿಯು ತಾನಾಗಿ ಬಂದು ಸರ್ಕಾರ ಮಾನ್ಯಮಾಡಿದ ಸ್ಥಳದಲ್ಲಿ ಚಿಕಿತ್ಸೆಯನ್ನು ಪೂರೈಸಿದರೆ, 1985ರ ಕಾಯಿದೆಯ 64ಎ ಪ್ರಕರಣವು ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಕಾನೂನು ತೆರೆದಿಟ್ಟ ಬಾಗಿಲನ್ನು ಮನೆಯವರೇ ಮುಚ್ಚುವುದು ಸರಿಯೆ?

ಆ ತಾಯಿಯ ಮಗನು ಈಗ ಹುಳುಮನೆಯ ಕೆಲಸವನ್ನು ತಾನೇ ನೋಡಿಕೊಳ್ಳುತ್ತಿದ್ದಾನೆ. ದಾರಿಯಲ್ಲಿ ಕಂಡರೆ ನಿಂತು ನಮಸ್ಕರಿಸುತ್ತಾನೆ. ಅದನ್ನು ಸ್ವೀಕರಿಸುವಾಗ ನಮ್ಮ ತಲೆಯೇ ತಗ್ಗುತ್ತದೆ. ಅವನು ಕಳೆದುಕೊಂಡ ವರ್ಷಗಳನ್ನು ನಾವು ಹಿಂದಕ್ಕೆ ಕೊಡಲಾರೆವು. ಕೊಡಬಹುದಾದುದು ಈ ಒಂದು ಬಿನ್ನಹ ಮಾತ್ರ. ಮುಂದಿನ ಜೂನ್ 26ರಂದು ಮಕ್ಕಳನ್ನು ಮೆರವಣಿಗೆಗೆ ಅವಶ್ಯವಾಗಿ ಕಳುಹಿಸಿರಿ. ಆದರೆ ಆ ರಾತ್ರಿ ಊಟವಾದ ಮೇಲೆ ಮಗುವನ್ನು ಬಳಿಗೆ ಕುಳ್ಳಿರಿಸಿಕೊಂಡು, "ಎಂತಹ ತಪ್ಪು ಮಾಡಿದರೂ ಮೊದಲು ನಮ್ಮ ಬಳಿಗೇ ಬಾ, ನಿನ್ನನ್ನು ಎಸೆಯುವುದಿಲ್ಲ" ಎಂದು ಹೇಳಿರಿ. ಹೇಳಿದಂತೆಯೇ ನಡೆದುಕೊಳ್ಳಿರಿ.